ಓಡಿಸೋದು ಒಂದೇ ಕಾರು, ಇಷ್ಟೊಂದು ಎಂಜಿನ್ ಎಂತಕ್ಕೆ?

ಅಂಗಡಿಯಲ್ಲಿ ಸಿಗುವುದಿಲ್ಲ, ಅದಕ್ಕೆ.

ಬಹಳ ವರ್ಷ ಇಷ್ಟೇ ಉತ್ತರ ಕೊಡುತ್ತಿದ್ದೆ. ಯಾರಿಗೂ ಸಾಕಾಗಲಿಲ್ಲ. ಕುಮಟಾದ ನಮ್ಮ ಮನೆಗೆ ಬಂದವರು ಆಸರಿಗೆ ಕುಡಿಯುವ ಮೊದಲೇ ಗ್ಯಾರೇಜಿಗೆ ಇಣುಕುತ್ತಾರೆ. ಅಲ್ಲಿ ಓಡುವ ಪ್ರೀಮಿಯರ್ ಪದ್ಮಿನಿ ಒಂದಿದೆ. ಅದರ ಆಚೆ ಗೋಡೆಗುಂಟ ಅದೇ ಕಾರಿನ ಮೂರು ಎಂಜಿನ್, ನಾಲ್ಕು ಗೇರ್‌ಬಾಕ್ಸ್ ಇವೆ. ನೋಡಿದವರ ಬಾಯಿಂದ ಪ್ರಶ್ನೆ ಬಂದೇ ಬರುತ್ತದೆ. ಇನ್ನು ಮೇಲೆ ಕೇಳಿದವರಿಗೆ ಈ ಬರಹ ಕಳಿಸುತ್ತೇನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ಕೇಳುವುದಕ್ಕೆ ಬೇಜಾರಿಲ್ಲ. ಕೇಳುವ ಧಾಟಿಗೆ ಸಿಟ್ಟು ಬರುತ್ತದೆ. "ಗುಜರಿ ವ್ಯಾಪಾರ ಶುರು ಮಾಡಿದ್ಯಾ?" ಅಂತ ಒಬ್ಬರು. ಇಲ್ಲ, ಮಾಡಿಲ್ಲ. "ಇದಕ್ಕೆ ಸುರಿದ ದುಡ್ಡಲ್ಲಿ ಹೊಸ ಕಾರೇ ಬರ್ತಿತ್ತಲ" ಅಂತ ಇನ್ನೊಬ್ಬರು. ಬರುತ್ತಿರಲಿಲ್ಲ. ಲೆಕ್ಕ ಬರೆದಿಟ್ಟಿದ್ದೇನೆ, ಬೇಕಾದವರು ಬಂದು ನೋಡಬಹುದು. "ಹೆಂಡತಿ ಸುಮ್ನಿರ್ತಾಳಾ?" ಅನ್ನುವವರಂತೂ ತುಂಬ ಜನ. ಅವಳನ್ನೇ ಕೇಳಿ. ಅವಳೂ ಇದೇ ಕಾರು ಓಡಿಸುತ್ತಾಳೆ. ಶಿರಸಿಯ ತವರಿಗೆ ಹೋಗುವಾಗ ದೇವಿಮನೆ ಘಾಟಿ ಹತ್ತಿಸುವವಳು ಅವಳೇ.

ಹೀಗೆ ಕೇಳುವವರ ಮನೆಯ ಅಟ್ಟ ಹತ್ತಿ ನೋಡಿ. ಮದುವೆ-ಮುಂಜಿಗೆ ಬೇಕಾಗುತ್ತದೆ ಅಂತ ತಾಮ್ರದ ಹಂಡೆ, ದೊಡ್ಡ ಕೊಳಗ, ಹರಿವಾಣ ಎಲ್ಲ ಸಾಲಾಗಿ ಕವುಚಿಟ್ಟಿರುತ್ತಾರೆ. ವರ್ಷಗಟ್ಟಲೆ ಯಾರೂ ಮುಟ್ಟಿರುವುದಿಲ್ಲ. ನಾನು ಯಾವತ್ತಾದರೂ "ಇದೆಲ್ಲ ಎಂತಕ್ಕೆ, ಮಾರಿಬಿಡಿ" ಅಂದಿದ್ದೇನಾ?

ಸರಿ, ಯಾಕೆ ಸಿಗುವುದಿಲ್ಲ ಅಂತ ಹೇಳುತ್ತೇನೆ.

ಮುಂಬೈಯ ಕುರ್ಲಾದ ಕಾರ್ಖಾನೆಯಿಂದ 1964ರಲ್ಲಿ ಫಿಯಟ್ 1100 ಡಿಲೈಟ್ ಅಂತ ಹೊರಬಂದ ಕಾರು ಇದು. ಪದ್ಮಿನಿ ಅನ್ನುವ ಹೆಸರು ಬಂದದ್ದು 1970ರ ದಶಕದಲ್ಲಿ. 1089 ಸಿಸಿ, ನಾಲ್ಕು ಸಿಲಿಂಡರ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರು. ತಯಾರಿಕೆ ನಿಂತು ಎರಡು ದಶಕ ದಾಟಿದೆ. ಆದರೂ ಬಹಳ ಕಾಲ ಬಿಡಿಭಾಗಕ್ಕೆ ತೊಂದರೆ ಇರಲಿಲ್ಲ. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿ ನಮ್ಮನ್ನೆಲ್ಲ ಕಾಪಾಡಿತ್ತು. ಅಷ್ಟು ಟ್ಯಾಕ್ಸಿ ಹಗಲೂ ರಾತ್ರಿ ಓಡುವಾಗ ಅಷ್ಟೇ ಸವೆಯುತ್ತಿದ್ದವು. ಸವೆದದ್ದಕ್ಕೆ ಸಾಮಾನು ಬೇಕಿತ್ತು, ಸಾಮಾನಿಗೆ ಅಂಗಡಿ ಇತ್ತು. ನಮ್ಮ ಜಿಲ್ಲೆಗೂ ಮುಂಬೈಗೂ ಹಳೆಯ ನಂಟು. 1956ರವರೆಗೆ ನಾವು ಮುಂಬೈ ಸರ್ಕಾರದ ಕೈಕೆಳಗೇ ಇದ್ದವರು. ಈಗಲೂ ಇಲ್ಲಿ ಎಷ್ಟೋ ಮನೆಗಳಿಗೆ ಮುಂಬೈಯಲ್ಲಿ ನೆಂಟರಿದ್ದಾರೆ. ಒಂದು ಫೋನ್ ಮಾಡಿದರೆ ವಾಟರ್ ಪಂಪೋ ಕ್ಲಚ್ ಪ್ಲೇಟೋ ಬಸ್ಸಿನ ಡಿಕ್ಕಿಯಲ್ಲಿ ಬಂದು ಇಳಿಯುತ್ತಿತ್ತು.

ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್‌ನಲ್ಲಿ. 2023ರ ಅಕ್ಟೋಬರ್ ಮುಗಿಯುವಾಗ ಅದರ ಅವಧಿಯೂ ಮುಗಿಯಿತು. ಪೇಪರಿನಲ್ಲಿ ಫೋಟೋ ನೋಡಿ ಎಲ್ಲರೂ ಪಾಪ ಅಂದರು. ನನಗೆ ಚಿಂತೆ ಬೇರೆ. ಗಿರಾಕಿಯೇ ಇಲ್ಲದ ಮಾಲನ್ನು ಯಾವ ಅಂಗಡಿಯವನು ತರಿಸಿ ಇಡುತ್ತಾನೆ? ನನ್ನ ಹತ್ತಿರ ಇದ್ದ ಎಂಜಿನ್ನುಗಳಲ್ಲಿ ಒಂದನ್ನೂ ಕೊಡಬಾರದು ಅಂತ ಗಟ್ಟಿ ಮಾಡಿಕೊಂಡದ್ದು ಆಗಲೇ.

ನಾಲ್ಕು ಗೇರ್‌ಬಾಕ್ಸ್ ಹೇಗಾಯಿತು ಅಂತಲೂ ಕೇಳುತ್ತಾರೆ. ಒಂದು ರಿಂಗಿನಿಂದ ಆಯಿತು. ಈ ಗೇರ್‌ಬಾಕ್ಸಿನಲ್ಲಿ ಒಂದನೇ ಗೇರಿಗೆ ಸಿಂಕ್ರೋ ಇಲ್ಲ, ಅಂದರೆ ಗೇರ್ ಬೀಳುವಾಗ ಎರಡೂ ಕಡೆಯ ವೇಗ ಹೊಂದಿಸಿಕೊಡುವ ವ್ಯವಸ್ಥೆ ಇಲ್ಲ. ಗಾಡಿ ಪೂರ್ತಿ ನಿಂತರೆ ಮಾತ್ರ ಸದ್ದಿಲ್ಲದೆ ಬೀಳುತ್ತದೆ. ಹಾಗಾಗಿ ಘಾಟಿಯ ತಿರುವಿನಲ್ಲೆಲ್ಲ ಎರಡನೇ ಗೇರಿಗೇ ಕೆಲಸ. ಅದರ ಸಿಂಕ್ರೋ ರಿಂಗು ಸವೆದು, ಗೇರ್ ಹಾಕಿದಾಗಲೆಲ್ಲ ಕರ್ರ್ ಅನ್ನಲು ಶುರುವಾಯಿತು. ಬರೀ ರಿಂಗು ಕೊಡಿ ಅಂದರೆ ಯಾರ ಹತ್ತಿರವೂ ಇಲ್ಲ. ಹುಬ್ಬಳ್ಳಿಯಲ್ಲಿ ಒಬ್ಬರು, "ಬಾಕ್ಸೇ ಐತ್ರಿ, ಬೇಕಂದ್ರ ಪೂರಾ ಒಯ್ರಿ" ಅಂದರು. ಪೂರಾ ತಂದೆ. ರಿಂಗು ತೆಗೆದು ಹಾಕಿದೆ. ಉಳಿದದ್ದರಲ್ಲಿ ಒಳ್ಳೆಯ ಶಾಫ್ಟ್ ಇದೆ, ಮೂರು ಮತ್ತು ನಾಲ್ಕನೇ ಗೇರಿನ ಹಲ್ಲು ಹೊಸತರ ಹಾಗೇ ಇವೆ, ಕೇಸಿಂಗ್ ಎಲ್ಲೂ ಬಿರುಕು ಬಿಟ್ಟಿಲ್ಲ. ಅದನ್ನು ಎಸೆಯಬೇಕಿತ್ತಾ?

ಎಂಜಿನ್ನಿನ ಕತೆಯೂ ಹೀಗೇ. ಇದರ ಸಿಲಿಂಡರುಗಳಿರುವ ಬ್ಲಾಕು ಬೀಡು ಕಬ್ಬಿಣದ್ದು, ಅದರ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ಡು ಅಲ್ಯೂಮಿನಿಯಂ. ಎರಡರ ಮಧ್ಯೆ ನೀರು ಹರಿಯುತ್ತದೆ. ಹಿಂದಿನವರು ರೇಡಿಯೇಟರಿಗೆ ಕೂಲಂಟ್ ಹಾಕುತ್ತಿರಲಿಲ್ಲ, ಬಾವಿ ನೀರೇ ಸುರಿಯುತ್ತಿದ್ದರು. ನಮ್ಮ ಕಡೆ ಬಾವಿ ನೀರಲ್ಲೂ ಉಪ್ಪಿನ ರುಚಿ. ನೀರಿನ ದಾರಿಯ ಸುತ್ತ ಹೆಡ್ಡಿನ ಲೋಹ ತಿಂದುಹೋಗುತ್ತದೆ. ಮತ್ತೆ ಘಾಟಿಯಲ್ಲಿ ಒಮ್ಮೆ ನೀರು ಕುದಿಸಿಕೊಂಡರೆ ಹೆಡ್ಡು ಸೊಟ್ಟಗಾಗುತ್ತದೆ. ಲೇತಿನವರ ಹತ್ತಿರ ಫೇಸಿಂಗ್, ಅಂದರೆ ಮೇಲ್ಮೈ ಕೊಯ್ದು ಸಮ ಮಾಡಿಸಬಹುದು. ಪ್ರತಿ ಸಲವೂ ಒಂದಿಷ್ಟು ಲೋಹ ಹೋಗುತ್ತದೆ. ಹಾಗೆ ಎಷ್ಟು ಸಲ ಕೊಯ್ಯುವುದು? ಕ್ರ್ಯಾಂಕ್‌ ಶಾಫ್ಟಿನದೂ (ಪಿಸ್ಟನ್ನುಗಳು ತಿರುಗಿಸುವ ದಂಡ) ಅದೇ ಲೆಕ್ಕ. ಸವೆದಾಗ ಹತ್ತು ಥೌ, ಅಂದರೆ ಕಾಲು ಮಿಲಿಮೀಟರ್ ಗ್ರೈಂಡ್ ಮಾಡಿ, ಅದಕ್ಕೆ ಸರಿಯಾದ ದಪ್ಪ ಬೇರಿಂಗ್ ಹಾಕುತ್ತಾರೆ. ಮುಂದಿನ ಸಲ ಇಪ್ಪತ್ತು ಥೌ, ಆಮೇಲೆ ಮೂವತ್ತು. ಕೊನೆಗೊಂದು ದಿನ ಗ್ರೈಂಡ್ ಮಾಡಲು ಏನೂ ಉಳಿಯುವುದಿಲ್ಲ. ನನ್ನ ಮೂರರಲ್ಲಿ ಒಂದು ಎಂಜಿನ್ನಿನ ಕ್ರ್ಯಾಂಕ್ ಇನ್ನೂ ಗ್ರೈಂಡಿಂಗ್ ಕಲ್ಲಿಗೆ ತಾಗಿಲ್ಲ. ಆ ಎಂಜಿನ್ ಹೊರಗಿನಿಂದ ನೋಡಲು ಎಲ್ಲಕ್ಕಿಂತ ಕೊಳಕು. ಬಂದವರು ಬೆರಳು ತೋರಿಸುವುದು ಅದಕ್ಕೇ.

ಸಿಕ್ಕಿದ್ದೆಲ್ಲ ಕೂಡಿಹಾಕುತ್ತೇನೆ ಅಂದುಕೊಳ್ಳಬೇಡಿ. ಮೊದಲು ನನ್ನ ಹತ್ತಿರ ಮಹೀಂದ್ರ ಜೀಪಿನ ಪ್ಯೂಜೋ ಡೀಸೆಲ್ ಎಂಜಿನ್ ಒಂದಿತ್ತು. ಕೊಟ್ಟುಬಿಟ್ಟೆ. ಜೀಪಿನ ಸಾಮಾನು ಇನ್ನೂ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಮನೆಯಲ್ಲಿಟ್ಟು ಎಂತ ಮಾಡುವುದು?

ಕೆಲವರು ಬುದ್ಧಿವಂತಿಕೆ ಹೇಳುತ್ತಾರೆ: "ಹಾಳಾದ್ರೆ ಒಂದು ಇಳಿಸಿ ಇನ್ನೊಂದು ಕೂರಿಸೂದಲ್ವಾ?" ಅಲ್ಲ. ಎಂಜಿನ್ ನಂಬರು ಆರ್‌ಸಿಯಲ್ಲಿ ಇರುತ್ತದೆ. ನಂಬರು ಕೊರೆದಿರುವುದು ಬ್ಲಾಕಿನ ಮೇಲೆ. ಬ್ಲಾಕ್ ಬದಲಾದರೆ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ದಾಖಲಾಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನಲ್ಲೇ ಇದಿದೆ. ಹಾಗಾಗಿ ಕಾರಿನ ಮೂಲ ಬ್ಲಾಕನ್ನು ನಾನು ಬಿಡುವುದಿಲ್ಲ. ಬೇರೆ ಎಂಜಿನ್ನುಗಳಿಂದ ಬೇಕಾದ ಸಾಮಾನು ಬಿಚ್ಚಿ ಇದಕ್ಕೆ ಹಾಕುತ್ತೇನೆ. ಗೋಡೆಗುಂಟ ಇರುವುದು ನನ್ನ ಬಿಡಿಭಾಗದ ಅಂಗಡಿ. ಇಡೀ ಜಿಲ್ಲೆಯಲ್ಲಿ ಈ ಕಾರಿಗೆ ಬೇರೆ ಅಂಗಡಿ ನನಗೆ ಕಂಡಿಲ್ಲ.

ಈಗ ಒಬ್ಬರ ವಿಷಯ ಹೇಳಲೇಬೇಕು. ಮನೆಯಲ್ಲಿ ಸತ್ಯನಾರಾಯಣ ಕಥೆ ಇತ್ತು. ಊಟ ಮುಗಿಸಿ, ಕವಳ ಹಾಕಿಕೊಂಡು, ದೂರದ ಸಂಬಂಧದ ಮಾವ ಒಬ್ಬರು ನಾಲ್ಕು ಜನರನ್ನು ಕಟ್ಟಿಕೊಂಡು ಗ್ಯಾರೇಜಿಗೆ ನುಗ್ಗಿದರು. ಗೇರ್‌ಬಾಕ್ಸಿನ ಮೇಲೆ ಕವಳದ ಬಟ್ಟಲು ಇಟ್ಟರು. ಕೆಜಿಗೆ ಇಷ್ಟು, ಒಂದಕ್ಕೆ ಇಷ್ಟು ಭಾರ ಅಂತ ಎಲ್ಲರೆದುರು ಲೆಕ್ಕ ಹಾಕಿದರು. "ಎಂತಕ್ಕೋ ತಮಾ, ಕೊಟ್ಟುಬಿಡಾ" ಅಂದರು. ನಾನು ತಡೆದುಕೊಂಡೆ. ಹಬ್ಬದ ಮನೆ, ದೊಡ್ಡವರು. ನಾನು ಒಳಗೆ ಹೋದ ಮೇಲೆ ಅವರು ಒಂದು ಎಂಜಿನ್ನಿನ ಕಾರ್ಬೊರೇಟರ್ ಕೂರುವ ಬಾಯಿಗೆ ತುರುಕಿದ್ದ ಬಟ್ಟೆ ಎಳೆದು ಒಳಗೆ ನೋಡಿದ್ದಾರೆ. ನೋಡಿ, ಹಾಗೇ ಬಿಟ್ಟು ಹೋಗಿದ್ದಾರೆ.

ಮೇಲೆ ಟಾರ್ಪಾಲು ಇದ್ದದ್ದರಿಂದ ಕೆಲವು ವಾರ ಗೊತ್ತೇ ಆಗಲಿಲ್ಲ. ತೆಗೆದು ನೋಡಿದರೆ ಕುಂಬಾರ ಹುಳ ಆ ಬಾಯೊಳಗೆ ಮನೆ ಕಟ್ಟಿದೆ. ಕೆಂಪು ಮಣ್ಣಿನ ಗೂಡು, ಒಣಗಿ ಕಲ್ಲಾಗಿದೆ. ಸ್ಕ್ರೂಡ್ರೈವರಿನ ತುದಿಯಿಂದ ಅಂಚು ಮೀಟಿದೆ. ಒಂದು ಕೋಣೆ ಒಡೆದು ಒಳಗಿಂದ ಮರಿಯ ಊಟಕ್ಕೆ ತುಂಬಿಟ್ಟಿದ್ದ ಸಣ್ಣ ಸಣ್ಣ ಜೇಡ ಉದುರಿದವು. ಹೊರಗೆ ಉದುರಿದ್ದು ಕಾಣುತ್ತದೆ. ಒಳಗೆ ಉದುರಿದ್ದು? ಒಂದು ಕಾಳು ಮಣ್ಣು ಸಿಲಿಂಡರಿಗೆ ಇಳಿದು ಪಿಸ್ಟನ್ ಜೊತೆ ಓಡಿದರೆ ಬೋರಿನ, ಅಂದರೆ ಸಿಲಿಂಡರಿನ ಒಳಗೋಡೆಯ ಮೇಲೆ ಗೆರೆ ಬೀಳುತ್ತದೆ. ಹೆಡ್ಡು ಬಿಚ್ಚದೆ ಬೇರೆ ದಾರಿಯೇ ಇರಲಿಲ್ಲ. ಬಿಚ್ಚಿದ ಮೇಲೆ ಹೆಡ್ಡಿಗೂ ಬ್ಲಾಕಿಗೂ ಮಧ್ಯೆ ಇರುವ ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಲು ಬರುವುದಿಲ್ಲ. ಸಿಗದ ಗ್ಯಾಸ್ಕೆಟ್ ಒಂದು ಅವರ ಕುತೂಹಲಕ್ಕೆ ಹೋಯಿತು. ಆಮೇಲೆ ಮದುವೆಮನೆಯಲ್ಲಿ ಸಿಕ್ಕಾಗ ಮಾವ ಕೇಳಿದ್ದು, "ಇನ್ನೂ ಮಾರ್ಲಿಲ್ವನೋ?"

ಆ ಬಟ್ಟೆ ಎಳೆಯುವ ಮೊದಲು, "ಇದನ್ನ ಇಲ್ಲಿ ಯಾಕೆ ತುರುಕಿದ್ದೆ?" ಅಂತ ಅವರು ಕೇಳಬಹುದಿತ್ತು. ನನಗೆ ಬೇಕಾದ ಪ್ರಶ್ನೆ ಅದು. ಇಂಥ ಊರಲ್ಲಿ, ಇಂಥ ಮಳೆಯಲ್ಲಿ, ಹೇಗೆ ಕೆಡದ ಹಾಗೆ ಇಡ್ತೀಯಾ? ಯಾರೂ ಕೇಳುವುದಿಲ್ಲ. ಹಾಗಾಗಿ ನಾನೇ ಹೇಳುತ್ತೇನೆ.

ಇಲ್ಲಿಂದ ಸಾಣಿಕಟ್ಟಾದ ಉಪ್ಪಿನ ಆಗರ ದೂರವಿಲ್ಲ. ಗಾಳಿಯಲ್ಲೇ ಉಪ್ಪಿದೆ. ಮೇಲಿಂದ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗದ ಥಂಡಿ. ಸುಮ್ನೆ ಇಟ್ಟ ಎಂಜಿನ್ ಒಂದು ಮಳೆಗಾಲದಲ್ಲಿ ಹಿಡಿದುಬಿಡಬಹುದು. ನಾಲ್ಕು ಸಿಲಿಂಡರಿನ ಎಂಜಿನ್ನನ್ನು ಹೇಗೆ ತಿರುಗಿಸಿ ನಿಲ್ಲಿಸಿದರೂ ಯಾವುದಾದರೂ ವಾಲ್ವು ತೆರೆದೇ ಇರುತ್ತದೆ. ಆ ಸಂದಿಯಿಂದ ಒದ್ದೆ ಗಾಳಿ ಒಳಗೆ ಹೋಗಿ ಬೋರಿಗೆ ತುಕ್ಕು ಹಿಡಿಸುತ್ತದೆ. ರಿಂಗುಗಳು ಅಲ್ಲೇ ಅಂಟಿಕೊಳ್ಳುತ್ತವೆ.

ಮೃಗಶಿರಾ ಮಳೆ ಬೀಳುವುದರೊಳಗೆ ನಾನು ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಸ್ವಲ್ಪ ಎಂಜಿನ್ ಆಯಿಲ್ ಬಿಡುತ್ತೇನೆ. ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ನಿಧಾನಕ್ಕೆ ತಿರುಗಿಸಿದರೆ ಎಣ್ಣೆ ಗೋಡೆಗೆಲ್ಲ ಹರಡುತ್ತದೆ. ಪ್ಲಗ್ ವಾಪಸ್ ಹಾಕುತ್ತೇನೆ. ಆಮೇಲೆ ವಾಲ್ವುಗಳನ್ನು ಒತ್ತಿ ತೆರೆಯುವ ರಾಕರ್‌ಗಳು ಕೂರುವ ರಾಕರ್ ಶಾಫ್ಟ್ ಸಡಿಲ ಮಾಡುತ್ತೇನೆ. ಇದು ಮುಖ್ಯ. ಅದು ಸಡಿಲವಾದರೆ ಎಂಟೂ ವಾಲ್ವು ಮುಚ್ಚಿಕೊಳ್ಳುತ್ತವೆ, ಸ್ಪ್ರಿಂಗಿಗೂ ಬಿಗಿ ಇರುವುದಿಲ್ಲ. ಸೈಲೆನ್ಸರ್ ಕೂರುವ ಬಾಯಿ, ಕಾರ್ಬೊರೇಟರ್ ಬಾಯಿ ಎರಡಕ್ಕೂ ಎಣ್ಣೆಯಲ್ಲಿ ಅದ್ದಿದ ಬಟ್ಟೆ. ಬ್ಲಾಕಿನ ನೀರು ಪೂರ್ತಿ ಬಸಿದಿರಬೇಕು. ಕ್ಲಚ್ ಪ್ಲೇಟು ಬಿಗಿದಿಟ್ಟರೆ ಫ್ಲೈವೀಲಿಗೆ ತುಕ್ಕಿನಲ್ಲಿ ಅಂಟಿಕೊಳ್ಳುತ್ತದೆ. ಅದಕ್ಕೇ ಬಿಚ್ಚಿ, ಕಾಗದ ಸುತ್ತಿ, ಒಣಗಿದ ಕಡೆ ತೂಗುಹಾಕುತ್ತೇನೆ.

ಗೇರ್‌ಬಾಕ್ಸ್ ಸುಲಭ. ಓಡುವ ಗಾಡಿಯಲ್ಲಿ ಗೇರ್ ಆಯಿಲ್ ಅರ್ಧದಷ್ಟು ಇದ್ದರೆ ಸಾಕು, ತಿರುಗುವಾಗ ಮೇಲಿನವರೆಗೂ ಚಿಮ್ಮುತ್ತದೆ. ನಿಂತದ್ದರಲ್ಲಿ ಮೇಲಿನ ಹಲ್ಲುಗಳು ಒಣಗಿ ತುಕ್ಕು ಹಿಡಿಯುತ್ತವೆ. ಹಾಗಾಗಿ ಎಲ್ಲ ತೂತು ಮುಚ್ಚಿ, ತುಂಬ ಹಾಕಿಡುತ್ತೇನೆ. ಆಗಾಗ ಕೈಯಲ್ಲಿ ಶಾಫ್ಟ್ ತಿರುಗಿಸುತ್ತೇನೆ.

ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತುವವರಿದ್ದಾರೆ. ದಯವಿಟ್ಟು ಬೇಡ. ಒಳಗೇ ಬೆವರಿ ಹೊರಗಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಹತ್ತಿ ಬಟ್ಟೆ ಹೊದೆಸಿ, ಮೇಲೆ ಟಾರ್ಪಾಲು ಸಡಿಲವಾಗಿ ಬಿಟ್ಟರೆ ಗಾಳಿಯಾಡುತ್ತದೆ. ಸಿಮೆಂಟ್ ನೆಲಕ್ಕೆ ತಾಗಿಸಲೂಬಾರದು. ಎಂಜಿನ್ ಹಳೆಯ ಟಯರಿನ ಮೇಲೆ, ಗೇರ್‌ಬಾಕ್ಸ್ ಹಲಸಿನ ಹಲಗೆಯ ಮೇಲೆ.

ಇದರಲ್ಲಿ ಅರ್ಧ ಕಲಿಸಿದವರು ತದಡಿ ಬಂದರಿನ ಮಿಸ್ತ್ರಿ ಒಬ್ಬರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆ 61 ದಿನ ಅವರಿಗೆ ಬಿಡುವೇ ಇಲ್ಲ. ಬೋಟಿನ ಎಂಜಿನ್ ಬಿಚ್ಚುವುದು, ಗೇರ್‌ಬಾಕ್ಸ್ ತೊಳೆಯುವುದು, ಮತ್ತೆ ಕೂರಿಸುವುದು. ಉಪ್ಪುನೀರಿನ ಪಕ್ಕದಲ್ಲಿ ಕಬ್ಬಿಣ ಉಳಿಸುವುದನ್ನು ಅವರಷ್ಟು ಬಲ್ಲವರನ್ನು ನಾನು ನೋಡಿಲ್ಲ. ಮೊದಲ ಸಲ ನಮ್ಮ ಗ್ಯಾರೇಜಿಗೆ ಬಂದಾಗ ಅವರು ಯಾಕೆ, ಎಷ್ಟು ಅಂತೆಲ್ಲ ಕೇಳಲಿಲ್ಲ. ಆ ಕೊಳಕು ಎಂಜಿನ್ನಿಗೆ ಸ್ಪ್ಯಾನರ್ ಹಾಕಿ ಅರ್ಧ ಸುತ್ತು ತಿರುಗಿಸಿದರು. "ಫ್ರೀ ಇದೆ" ಅಂದರು. "ಯಾವಾಗ ಎಣ್ಣೆ ಬಿಟ್ಟಿದ್ದು?" ಅಂದರು. ಆಮೇಲೆ ಸಂಜೆಯವರೆಗೆ ಮಾತಾಡಿದೆವು.

ಈಚೆಗೆ ಒಳ್ಳೆಯ ಬದಲಾವಣೆಯೂ ಆಗಿದೆ. ಅಂಕೋಲಾ, ಶಿರಸಿ ಕಡೆಯಿಂದ ಪದ್ಮಿನಿ ಇಟ್ಟುಕೊಂಡ ಹುಡುಗರು ಫೋನ್ ಮಾಡುತ್ತಾರೆ. "ಅಣ್ಣಾ, ಡಿಸ್ಟ್ರಿಬ್ಯೂಟರ್ ಶಾಫ್ಟ್ ಇದೆಯಾ?" ಇದ್ದರೆ ಕೊಡುತ್ತೇನೆ. ದುಡ್ಡು ತಗೊಳ್ಳುವುದಿಲ್ಲ, ಅವರ ಹಳೆಯ ಸಾಮಾನು ತಗೊಳ್ಳುತ್ತೇನೆ. ಸವೆದ ಶಾಫ್ಟ್ ಕೈಯಲ್ಲಿದ್ದರೆ ಲೇತಿನವರಿಗೆ ಅಳತೆ ತೋರಿಸಿ ಹೊಸದು ಮಾಡಿಸುವ ದಾರಿ ಉಳಿಯುತ್ತದೆ. ಯಾವ ಸಾಮಾನು ಯಾವ ಎಂಜಿನ್ನಿನಿಂದ ಹೋಯಿತು, ಯಾರಿಗೆ ಹೋಯಿತು, ಎಲ್ಲ ಪುಸ್ತಕದಲ್ಲಿ ಬರೆದಿದೆ.

ಓದಿದ ನಿಮಗೂ ಒಂದು ಮಾತು. ನಿಮ್ಮೂರಲ್ಲಿ ಯಾರದಾದರೂ ಕೊಟ್ಟಿಗೆಯಲ್ಲಿ ಪದ್ಮಿನಿಯ ಎಂಜಿನ್ನೋ ಗೇರ್‌ಬಾಕ್ಸೋ ಬಿದ್ದಿದ್ದರೆ, ತೂಕಕ್ಕೆ ಹಾಕುವ ಮೊದಲು ನನಗೆ ತಿಳಿಸಿ. ಗುಜರಿಯವರಿಗಿಂತ ಜಾಸ್ತಿ ಕೊಡುತ್ತೇನೆ, ಗಾಡಿ ತಂದು ನಾನೇ ಎತ್ತಿಸಿಕೊಂಡು ಹೋಗುತ್ತೇನೆ. ಎಂಜಿನ್ ಆದರೆ ಹಳೆಯ ಆರ್‌ಸಿಯ ಪ್ರತಿ ಹುಡುಕಿಡಿ. ಯಾವ ಗಾಡಿಯದು ಅಂತ ಗೊತ್ತಿಲ್ಲದ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ನಾನು ಮುಟ್ಟುವುದಿಲ್ಲ.