ಹೆಲ್ವಾನ್ ವಿಮಾನದ ಮುಂದೆ ಅಪ್ಪ

ಅಪ್ಪ ಮ್ಯೂನಿಕ್‌ಗೆ ಬಂದಾಗ ಅರಮನೆ, ಚರ್ಚು ತೋರಿಸಿ ನನಗೆ ಸಾಕಾಗಿತ್ತು. ಅವರಿಗಂತೂ ಇನ್ನೂ ಜಾಸ್ತಿ ಸಾಕಾಗಿತ್ತು. ಬೆಂಗಳೂರಿನ ಎಚ್‌ಎಎಲ್ ಎಂಜಿನ್ ಡಿವಿಷನ್‌ನಲ್ಲಿ ಆರ್ಫಿಯಸ್ ಅನ್ನೋ ಜೆಟ್ ಎಂಜಿನ್ ಬಿಚ್ಚಿ, ಜೋಡಿಸಿ ನೌಕರಿ ಮುಗಿಸಿದವರು ಅವರು. ಹಾಗಾಗಿ ಒಂದು ಭಾನುವಾರ ಎಸ್1 ರೈಲು ಹತ್ತಿ ಓಬರ್‌ಶ್ಲೈಸ್‌ಹೈಮ್‌ಗೆ ಹೋದೆವು. ಅಲ್ಲಿನ ಹಳೇ ವಿಮಾನ ನಿಲ್ದಾಣದಲ್ಲಿ ಡಾಯ್ಚಸ್ ಮ್ಯೂಸಿಯಂನ ವಿಮಾನಗಳಿವೆ.

ಸ್ಟಾರ್‌ಫೈಟರ್ ಯುದ್ಧವಿಮಾನ ನೋಡಿ ಮುಂದೆ ಬಂದ ಅಪ್ಪ ಇನ್ನೊಂದು ಪುಟ್ಟ ಯುದ್ಧವಿಮಾನದ ಹತ್ತಿರ ನಿಂತುಬಿಟ್ಟರು. ಹೆಲ್ವಾನ್ ಎಚ್‌ಎ-300. ತ್ರಿಕೋನದ ರೆಕ್ಕೆ, ಈ ತುದಿಯಿಂದ ಆ ತುದಿಗೆ 6 ಮೀಟರೂ ಇಲ್ಲ.

"ಇದನ್ನ ಮೊದಲು ಹಾರಿಸಿದ್ದು ನಮ್ಮೋರೇ ಕಣೋ."

"ಸುಮ್ನಿರಿ ಅಪ್ಪ, ಈಜಿಪ್ಟ್ ವಿಮಾನ ಅಂತ ಬರೆದಿದೆ."

ಅಪ್ಪ ಹೇಳಿದ್ದು ನಿಜ. ವಿನ್ಯಾಸ ಜರ್ಮನಿಯ ವಿಲ್ಲಿ ಮೆಸ್ಸರ್‌ಶ್ಮಿಟ್ ಅವರದು. ಕೆಲಸ ಶುರುವಾಗಿದ್ದು ಸ್ಪೇನ್‌ನಲ್ಲಿ. ಸ್ಪೇನ್ ಕೈಬಿಟ್ಟಾಗ ಅಧ್ಯಕ್ಷ ನಾಸರ್ ಅವರ ಈಜಿಪ್ಟ್ ಎತ್ತಿಕೊಂಡಿತು. ಕೈರೋ ಹತ್ತಿರದ ಹೆಲ್ವಾನ್‌ನಲ್ಲಿ 1964ರ ಮಾರ್ಚ್ 7ರಂದು ಅದನ್ನು ಮೊದಲು ಹಾರಿಸಿದವರು ಭಾರತೀಯ ವಾಯುಪಡೆಯ ಕಪಿಲ್ ಭಾರ್ಗವ. ಆಗ ಒಳಗಿದ್ದದ್ದು ಆರ್ಫಿಯಸ್ಸೇ. ಅದನ್ನು ಹೇಳುವಾಗ ಅಪ್ಪನ ಮುಖ ನೋಡಬೇಕಿತ್ತು!

ನಮ್ಮವರು ಅಲ್ಲಿಗೆ ಹೋಗಿದ್ದು ಎಂಜಿನ್ ಆಸೆಗೆ. ಬೆಂಗಳೂರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ ನಮ್ಮ ಯುದ್ಧವಿಮಾನ ಮಾರುತ್ 1961ರಲ್ಲೇ ಹಾರಿತ್ತು. ಆದರೆ ಅದಕ್ಕೆ ತಕ್ಕ ಎಂಜಿನ್ ಇರಲಿಲ್ಲ. ಇತ್ತ ಹೆಲ್ವಾನ್‌ನಲ್ಲಿ ಆಸ್ಟ್ರಿಯಾದ ಬ್ರಾಂಡ್ನರ್ ಇ-300 ಅನ್ನೋ ಹೊಸ ಎಂಜಿನ್ ಕಟ್ಟುತ್ತಿದ್ದರು. ಭಾರತ ದುಡ್ಡು ಹಾಕಿತು, ಪರೀಕ್ಷೆಗೆಂದು ಒಂದು ಮಾರುತ್ ಅನ್ನೂ ಕಳಿಸಿತು. 1967ರಲ್ಲಿ ಆ ಮಾರುತ್ ಹಾರಿದಾಗ ಒಂದು ಬದಿಗೆ ಇ-300, ಇನ್ನೊಂದು ಬದಿಗೆ ಆರ್ಫಿಯಸ್. ಎರಡರ ಶಕ್ತಿಯೂ ಬೇರೆ ಬೇರೆ. ಪೈಲಟ್‌ಗೆ ಎಂಥ ಗುಂಡಿಗೆ ಇರಬೇಕು, ಅಲ್ವಾ?

ಅದೇ ವರ್ಷ ಜೂನ್‌ನಲ್ಲಿ ಇಸ್ರೇಲ್ ಜೊತೆ ಯುದ್ಧ ಆಯಿತು. ಈಜಿಪ್ಟ್ ಕೈ ಬರಿದಾಯಿತು. ಸೋವಿಯತ್‌ನಿಂದ ಸಿದ್ಧ ವಿಮಾನ ಸಿಗುತ್ತಿದ್ದಾಗ ಇದಕ್ಕೆ ಯಾಕೆ ಸುರಿಯೋದು ಅನ್ನಿಸಿರಬೇಕು. 1969ರಲ್ಲಿ ಎಲ್ಲ ನಿಂತಿತು.

ಇದರ ಸುತ್ತ ಗೂಢಚಾರರ ಕಥೆಗಳು ಬೇಕಾದಷ್ಟಿವೆ. ನನಗೆ ಅವು ಅಷ್ಟು ಮುಖ್ಯ ಅನ್ನಿಸುವುದಿಲ್ಲ. ಹೊಸ ವಿಮಾನ, ಹೊಸ ಎಂಜಿನ್ ಎರಡನ್ನೂ ಒಟ್ಟಿಗೆ, ಅದೂ ಹೊರಗಿನಿಂದ ಕರೆಸಿದವರನ್ನೇ ನಂಬಿ ಮಾಡಲು ಹೋಗಿದ್ದೇ ಭಾರವಾಯಿತು. ಅಪ್ಪ ಒಪ್ಪಲಿಲ್ಲ. "ದುಡ್ಡು ನಿಲ್ಲಿಸದೇ ಇದ್ದಿದ್ರೆ ಇ-300 ಬರ್ತಿತ್ತು. ನಮ್ಮ ಮಾರುತ್ ಶಬ್ದದ ಎರಡು ಪಟ್ಟು ಓಡ್ತಿತ್ತು" ಅಂದರು. ಮಾರುತ್ ಕೊನೆವರೆಗೂ ಆರ್ಫಿಯಸ್‌ನಲ್ಲೇ ಹಾರಿತು. 1971ರ ಯುದ್ಧದಲ್ಲಿ ಹೋರಾಡಿತು, ಆದರೆ ಆ ವೇಗ ಮುಟ್ಟಲೇ ಇಲ್ಲ.

ವಾಪಸ್ ಬರುವಾಗ ರೈಲಿನಲ್ಲಿ ಮಾತು ತೇಜಸ್‌ಗೆ ಹೊರಳಿತು. ಅದಕ್ಕೂ ಅಮೆರಿಕದ ಎಂಜಿನ್ನೇ; ಅದಕ್ಕೆಂದೇ ನಮ್ಮಲ್ಲಿ ಕಟ್ಟಲು ಹೊರಟ ಕಾವೇರಿ ಎಂಜಿನ್ ಅದಕ್ಕೆ ಕೂರಲಿಲ್ಲ. "ಕಾವೇರಿ ಎಂಜಿನ್ ಕಥೆ ಗೊತ್ತಾ ನಿಂಗೆ?" ಅಂತ ಅಪ್ಪ ಶುರು ಮಾಡಿದರು. ಗೊತ್ತು ಅಂದರೂ ಬಿಡಲಿಲ್ಲ.