ರುಮೇನಿಯಾದ ಜನ ಅಷ್ಟು ವರ್ಷ ಹೇಗೆ ಸಹಿಸಿಕೊಂಡರು?

ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಷೆಸ್ಕು ಕಾಲದ ರುಮೇನಿಯಾದ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು. ಹೊಟ್ಟೆಗಿಲ್ಲ, ಚಳಿಗೆ ಬೆಚ್ಚಗಿಲ್ಲ, ಬಾಯಿ ಬಿಡುವಂತಿಲ್ಲ. ಆದರೂ ಜನ ಯಾಕೆ ಸುಮ್ಮನಿದ್ದರು? ಕೇಳುವವರ ದನಿಯಲ್ಲಿ ಆ ಜನ ಪುಕ್ಕಲರು ಎಂಬ ಅನುಮಾನ ಇಣುಕುತ್ತದೆ. ಅದನ್ನು ನಾನು ಒಪ್ಪುವುದಿಲ್ಲ.

ಆ ಆಡಳಿತವನ್ನು ಅವರು ಆರಿಸಿಕೊಂಡಿರಲೇ ಇಲ್ಲ. 1944ರಲ್ಲಿ ಅಲ್ಲಿನ ಕಮ್ಯುನಿಸ್ಟ್ ಪಕ್ಷದಲ್ಲಿದ್ದವರು ಸುಮಾರು ಸಾವಿರ ಜನ. ಆದರೆ ಸೋವಿಯತ್ ಸೇನೆ ದೇಶದೊಳಗೇ ಬೀಡುಬಿಟ್ಟಿತ್ತು. 1945ರ ಮಾರ್ಚಿನಲ್ಲಿ ಮಾಸ್ಕೋದ ಒತ್ತಡಕ್ಕೆ ಕಮ್ಯುನಿಸ್ಟರ ಜೊತೆಗಾರ ಪೆಟ್ರು ಗ್ರೋಜಾ ಪ್ರಧಾನಿಯಾದ. 1946ರ ಚುನಾವಣೆಯಲ್ಲಿ ಫಲಿತಾಂಶವನ್ನೇ ತಿದ್ದಿದರು. 1947ರ ಡಿಸೆಂಬರ್ 30ರಂದು ರಾಜ ಮಿಹಾಯ್‌ನನ್ನು ಬೆದರಿಸಿ ಪಟ್ಟದಿಂದ ಇಳಿಸಿದರು. ಮರುವರ್ಷ ಕಾರ್ಖಾನೆ, ಬ್ಯಾಂಕು ಸರ್ಕಾರದ ಪಾಲಾದವು. ಸೆಕುರಿಟಾಟೆ ಎಂಬ ಗುಪ್ತ ಪೊಲೀಸ್ ಹುಟ್ಟಿತು. 1949ರಿಂದ 1962ರವರೆಗೆ ರೈತರ ಜಮೀನನ್ನೂ ಕಿತ್ತು ಸಾಮೂಹಿಕ ಬೇಸಾಯಕ್ಕೆ ಸೇರಿಸಿದರು. ಕಾರ್ಪಾಥಿಯನ್ ಬೆಟ್ಟಗಳಲ್ಲಿ ಬಂದೂಕು ಹಿಡಿದು ವರ್ಷಗಟ್ಟಲೆ ಕಾದಾಡಿದವರಿದ್ದರು. ಎದುರು ನಿಲ್ಲಬಲ್ಲ ಒಂದು ಪೀಳಿಗೆಯೇ ಜೈಲುಗಳಲ್ಲಿ, ಡ್ಯಾನ್ಯೂಬ್ ಕಾಲುವೆ ಅಗೆಯುವ ಶಿಬಿರಗಳಲ್ಲಿ ಸವೆದುಹೋಯಿತು.

ಚೌಷೆಸ್ಕು ಅಧಿಕಾರಕ್ಕೆ ಬಂದದ್ದು 1965ರಲ್ಲಿ. 1968ರಲ್ಲಿ ಸೋವಿಯತ್ ಸೇನೆ ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದಾಗ ಆತ ರಾಜಧಾನಿ ಬುಖಾರೆಸ್ಟಿನ ಬಾಲ್ಕನಿಯಲ್ಲಿ ನಿಂತು ಅದನ್ನು ಬಹಿರಂಗವಾಗಿ ಖಂಡಿಸಿದ. ಜನ ಅಂದು ಮನಸಾರೆ ನಂಬಿದರು. ಆ ನಂಬಿಕೆಯನ್ನು ಆತ ಎರಡು ದಶಕ ದುಡಿಸಿಕೊಂಡ.

ಆದರೆ ಅದಕ್ಕೆ ಎರಡು ವರ್ಷ ಮೊದಲೇ, 1966ರಲ್ಲಿ, ಜನಸಂಖ್ಯೆ ಹೆಚ್ಚಿಸಲೆಂದು 770ನೇ ಆಜ್ಞೆ ಹೊರಟು ಗರ್ಭಪಾತ ನಿಷೇಧವಾಗಿತ್ತು. ನಾಲ್ಕು ಮಕ್ಕಳ ತಾಯಿ, 45 ದಾಟಿದವಳು, ಇಂಥ ಕೆಲವರಿಗಷ್ಟೇ ವಿನಾಯಿತಿ. ಕಾರ್ಖಾನೆಯ ಹೆಂಗಸರನ್ನು ಸಾಲಾಗಿ ಕರೆದು ಬಸಿರಿಯೇ ಎಂದು ಪರೀಕ್ಷೆ ಮಾಡುತ್ತಿದ್ದರು. ಕಳ್ಳತನದಲ್ಲಿ ಗರ್ಭ ತೆಗೆಸಿಕೊಳ್ಳಲು ಹೋಗಿ ಸಾವಿರಾರು ಹೆಂಗಸರು ಸತ್ತರು. ಆ ಆಡಳಿತದ ಪಾಪಗಳಲ್ಲಿ ನನ್ನ ಮಟ್ಟಿಗೆ ಇದೇ ಘೋರವಾದದ್ದು.

ಹಸಿವಿನ ಕಥೆ ಬೇರೆ. ನೆಲ ಫಲವತ್ತಾದದ್ದೇ. ಭಾರೀ ಕಾರ್ಖಾನೆಗಳಿಗಾಗಿ ತಂದ ಸಾಲ 80ರ ದಶಕದ ಆರಂಭಕ್ಕೆ ಸುಮಾರು 10 ಶತಕೋಟಿ ಡಾಲರ್ ಆಗಿತ್ತು. ಅಷ್ಟನ್ನೂ ಬೇಗ ತೀರಿಸಿಯೇ ಸಿದ್ಧ ಎಂದು ಚೌಷೆಸ್ಕು ಹಟ ಹಿಡಿದ. ಮಾಂಸ, ಧಾನ್ಯ ರಫ್ತಿಗೆಂದು ಹಡಗು ಹತ್ತಿದವು. ಅದನ್ನು ಬೆಳೆದ ಜನರಿಗೆ ರೇಷನ್ ಬ್ರೆಡ್. ಬೆಳಕು ಹರಿಯುವ ಮೊದಲೇ ಅಂಗಡಿ ಮುಂದೆ ಸಾಲು. ಮನೆಮಂದಿ ಸರದಿಯ ಮೇಲೆ ನಿಲ್ಲುತ್ತಿದ್ದರು, ಹೆಚ್ಚಾಗಿ ಅಜ್ಜ ಅಜ್ಜಿಯರು. ಇವತ್ತು ಏನು ಬರುತ್ತದೆಂದು ತಿಳಿಯದೆಯೇ ಚೀಲ ಹಿಡಿದು ಹೊರಡುತ್ತಿದ್ದರು. ಉದ್ದ ಸಾಲು ಕಂಡರೆ ಮೊದಲು ಸೇರಿಕೊಂಡು ಆಮೇಲೆ ಕೇಳುವುದು. ಮನೆಗೆ ಬಂದರೆ ಕರೆಂಟಿಲ್ಲ, ಹೀಟರು ತಣ್ಣಗೆ, ಟಿವಿ ದಿನಕ್ಕೆ ಎರಡೇ ಗಂಟೆ, ಅದರಲ್ಲೂ ಬಹುಪಾಲು ನಾಯಕನ ಗುಣಗಾನ. ಟೈಪ್‌ರೈಟರನ್ನೂ ಪೊಲೀಸರಲ್ಲಿ ನೋಂದಾಯಿಸಬೇಕಿತ್ತು. ಇಡೀ ದಿನ ಹಾಲು ಬ್ರೆಡ್ಡಿಗೇ ಕಳೆದುಹೋದ ಮೇಲೆ, ಪಕ್ಕದ ಸಹೋದ್ಯೋಗಿ ಮಾಹಿತಿ ಕೊಡುವವನಿರಬಹುದು ಎಂಬ ಭಯವೂ ಸೇರಿದರೆ, ನಾಲ್ಕು ಜನ ಕೂತು ಯೋಚಿಸುವುದೆಲ್ಲಿ? ಸಹನೆಯ ಗುಟ್ಟು ಇಲ್ಲಿದೆ ಎಂದು ನನಗನ್ನಿಸುತ್ತದೆ.

ಅಷ್ಟಾದರೂ ಎಲ್ಲರೂ ಸುಮ್ಮನಿರಲಿಲ್ಲ. 1977ರಲ್ಲಿ ಜಿಯು ಕಣಿವೆಯ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. 1987ರ ನವೆಂಬರಿನಲ್ಲಿ ಬ್ರಶೋವ್‌ನ ಟ್ರಕ್ ಕಾರ್ಖಾನೆಯವರು ಪಕ್ಷದ ಕಚೇರಿಗೆ ನುಗ್ಗಿದರು. 1989ರ ಡಿಸೆಂಬರಿನಲ್ಲಿ ತಿಮಿಶ್ವಾರಾ ನಗರ ದಂಗೆ ಎದ್ದಿತು, ಗುಂಡೇಟಿಗೂ ಜಗ್ಗಲಿಲ್ಲ. 21ರಂದು ತನ್ನ ಬೆಂಬಲಕ್ಕೆಂದು ಕಾರ್ಮಿಕರನ್ನು ಬುಖಾರೆಸ್ಟಿನಲ್ಲಿ ಸೇರಿಸಿದವನು ಚೌಷೆಸ್ಕುವೇ. ಆ ಜನರೇ ಅವನ ಭಾಷಣದ ನಡುವೆ ಕೂಗಿ ಎದ್ದರು. ಮರುದಿನ ಆತ ಹೆಲಿಕಾಪ್ಟರ್ ಹತ್ತಿ ಓಡಿದ.