1940ರ ಮೇ ತಿಂಗಳು

ಇವತ್ತೆಲ್ಲಾ 1940ರ ಫ್ರಾನ್ಸ್ ಸೋಲಿನ ಬಗ್ಗೆಯೇ ಓದುತ್ತಿದ್ದೇನೆ. ಮೇ 10ಕ್ಕೆ ಜರ್ಮನ್ನರು ಹಾಲೆಂಡ್, ಬೆಲ್ಜಿಯಂ ಮೇಲೆ ನುಗ್ಗಿದರು, ಬ್ರಿಟಿಷ್ ಮತ್ತು ಫ್ರೆಂಚ್ ಸೇನೆಯ ಒಳ್ಳೊಳ್ಳೆ ತುಕಡಿಗಳೆಲ್ಲ ಆ ಕಡೆಗೇ ಧಾವಿಸಿದವು, ಆದರೆ ನಿಜವಾದ ಏಟು ಬಿದ್ದದ್ದು ಇನ್ನೂ ದಕ್ಷಿಣಕ್ಕೆ, ಟ್ಯಾಂಕು ದಾಟುವುದು ಕಷ್ಟ ಅಂತ ಫ್ರೆಂಚರು ನಂಬಿದ್ದ ಆರ್ಡೆನ್ ಕಾಡಿನ ಮೂಲಕ. 13ಕ್ಕೆ ಫ್ರಾನ್ಸಿನ ಸೆಡಾನ್ ಊರಿನ ಹತ್ತಿರ ಮ್ಯೂಸ್ ನದಿ ದಾಟಿದರು. 20ಕ್ಕೆ ಸಮುದ್ರ ತೀರ! ಬೆಲ್ಜಿಯಂ ಕಡೆ ಧಾವಿಸಿದ್ದ ಸೇನೆಗಳಿಗೆ ಹಿಂದಿನ ದಾರಿಯೇ ಮುಚ್ಚಿಹೋಯಿತು. ಫ್ರಾನ್ಸ್ ಹತ್ತಿರ ಟ್ಯಾಂಕುಗಳೇನೂ ಕಡಿಮೆ ಇರಲಿಲ್ಲ, ಆದರೆ ಎಷ್ಟೋ ಟ್ಯಾಂಕುಗಳಲ್ಲಿ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಲು ರೇಡಿಯೋನೇ ಇರಲಿಲ್ಲ. ಈ ದಾಳಿಯ ಜಾಣತನವನ್ನು ಹೊಗಳುವವರು ಜಾಸ್ತಿ. ನನ್ನ ಮನಸ್ಸು ಹೋಗುವುದು ಮಾತ್ರ ಮಕ್ಕಳನ್ನು ಕಟ್ಟಿಕೊಂಡು, ಕೈಗೆ ಸಿಕ್ಕಿದ್ದನ್ನು ಗಾಡಿಗೆ ಹೇರಿಕೊಂಡು ರಸ್ತೆಗಿಳಿದ ಲಕ್ಷಾಂತರ ಜನರ ಕಡೆಗೆ. ಆ ರಸ್ತೆಗಳ ಮೇಲೂ ಜರ್ಮನ್ ವಿಮಾನಗಳು ದಾಳಿ ಮಾಡಿದವು. ಅದನ್ನು ಬಿಟ್ಟು ಬರೀ ನಕ್ಷೆಯ ಬಾಣಗಳನ್ನು ನೋಡಿ ಮೆಚ್ಚುವುದು ನನ್ನಿಂದಾಗದು.